ಬರೋಲೊ, ಲಾ ಮೊರ್ರಾ, ನೆಯಿವೆ, ಬಾರ್ಬರೆಸ್ಕೊ: ಲಾಂಗೆ ಗುಡ್ಡಗಳಲ್ಲಿ ಯಾವ ಊರನ್ನು ಆರಿಸಿಕೊಳ್ಳಬೇಕು?

ಇಟಲಿಯ ವಾಯವ್ಯದ ಪಿಯೆಮಾಂಟೆ ಪ್ರಾಂತದಲ್ಲಿ, ಟ್ಯೂರಿನ್ ನಗರದಿಂದ ದಕ್ಷಿಣಕ್ಕೆ ಸುಮಾರು 60 ಕಿ.ಮೀ. ಸಾಗಿದರೆ ತನಾರೊ ನದಿಯ ದಡದಲ್ಲಿ ಆಲ್ಬಾ ಪಟ್ಟಣ ಸಿಗುತ್ತದೆ. ಅದರ ಸುತ್ತ ಒಂದರ ಹಿಂದೊಂದು ಏಳುವ ಗುಡ್ಡಸಾಲುಗಳಿಗೆ ಲಾಂಗೆ ಎಂದು ಹೆಸರು. ಹೆಚ್ಚು ಕಡಿಮೆ ಪ್ರತಿ ಗುಡ್ಡದ ನೆತ್ತಿಯ ಮೇಲೂ ಒಂದು ಊರು, ಊರಿನಲ್ಲಿ ಒಂದು ಗೋಪುರ ಅಥವಾ ಕೋಟೆ, ಕೆಳಗಿನ ಇಳಿಜಾರಿನ ತುಂಬ ದ್ರಾಕ್ಷಿಯ ಸಾಲುಗಳು. ಈ ಭೂದೃಶ್ಯವನ್ನು ಪಕ್ಕದ ರೊಯೆರೊ ಮತ್ತು ಮೊನ್ಫೆರ್ರಾತೊಗಳ ಜೊತೆಗೆ ಯುನೆಸ್ಕೊ 2014ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಇಲ್ಲಿಗೆ ಬರುವವರ ಬಳಿ ಸಾಮಾನ್ಯವಾಗಿ ಇರುವುದು ಎರಡು ಮೂರು ದಿನ. ಅಷ್ಟರಲ್ಲಿ ಎಲ್ಲ ಊರುಗಳನ್ನೂ ಸುತ್ತಲು ಹೊರಟವರು ಕೊನೆಗೆ ನೋಡುವುದು ರಸ್ತೆಯ ತಿರುವುಗಳನ್ನು ಮಾತ್ರ. ಆದ್ದರಿಂದ ಒಂದು ಊರನ್ನು ಆರಿಸಿಕೊಂಡು ಅಲ್ಲಿ ನೆಲೆ ನಿಲ್ಲುವುದು ಒಳ್ಳೆಯದು.

ಹೆಸರಿನ ಬಲದಿಂದ ಹೆಚ್ಚಿನವರು ಆರಿಸುವುದು ಬರೋಲೊವನ್ನು. ನನ್ನ ಮತ ಬಾರ್ಬರೆಸ್ಕೊಗೆ. ಅಲ್ಲಿನ ವೈನ್ ಮೇಲು ಎಂಬ ಕಾರಣಕ್ಕೆ ನಾನು ಹೀಗೆ ಹೇಳುತ್ತಿಲ್ಲ. ಆ ವಾದಕ್ಕೆ ಲಾಂಗೆಯಲ್ಲೇ ಕೊನೆಯಿಲ್ಲ. ದ್ರಾಕ್ಷಿ ಬೆಳೆಯುವ ಒಂದು ಸಣ್ಣ ಊರು ಹೇಗೆ ಬದುಕುತ್ತದೆ, ಅಲ್ಲಿನ ಮಣ್ಣು, ರೈತ ಮತ್ತು ಬಾಟಲಿಯ ನಡುವಿನ ಸಂಬಂಧ ಎಂಥದು ಎಂಬುದು ಬಾರ್ಬರೆಸ್ಕೊದ ಒಂದೇ ಬೀದಿಯಲ್ಲಿ ನಡೆದಾಡುತ್ತಲೇ ಅರ್ಥವಾಗುತ್ತದೆ, ಉಳಿದ ಮೂರು ಊರುಗಳಲ್ಲಿ ಅಷ್ಟು ಸುಲಭವಾಗಿ ಅರ್ಥವಾಗುವುದಿಲ್ಲ. ಹಾಗೆಂದು ಎಲ್ಲರಿಗೂ ಇದೇ ಸರಿ ಎನ್ನಲಾಗದು. ಯಾರಿಗೆ ಯಾವುದು ಹೊಂದುತ್ತದೆ ಎಂಬುದನ್ನು ಮುಂದೆ ಬಿಡಿಸಿ ಹೇಳಿದ್ದೇನೆ.

ಎಲ್ಲಕ್ಕೂ ಸಮಾನವಾದದ್ದು

ಬರೋಲೊ ಮತ್ತು ಬಾರ್ಬರೆಸ್ಕೊ ಎಂಬವು ಊರುಗಳ ಹೆಸರೂ ಹೌದು, ವೈನ್‌ಗಳ ಹೆಸರೂ ಹೌದು. ಎರಡನ್ನೂ ನೆಬ್ಬಿಯೊಲೊ ಎಂಬ ಒಂದೇ ತಳಿಯಿಂದ, ಬೇರೆ ದ್ರಾಕ್ಷಿಯನ್ನು ಬೆರೆಸದೆ ಮಾಡುತ್ತಾರೆ. ಈ ತಳಿ ಬೇಗ ಚಿಗುರಿ ತಡವಾಗಿ ಹಣ್ಣಾಗುತ್ತದೆ, ನಿಂತ ನೆಲದ ಬಗ್ಗೆ ಬಹಳ ಹಟ ಹಿಡಿಯುತ್ತದೆ, ದಕ್ಷಿಣಕ್ಕೆ ಮುಖ ಮಾಡಿದ ಇಳಿಜಾರನ್ನೇ ಬಯಸುತ್ತದೆ. ಅದರ ವೈನ್‌ನ ಬಣ್ಣ ತೆಳು, ಆದರೆ ಒಗರು ಮತ್ತು ಹುಳಿ ಎರಡೂ ಗಟ್ಟಿ. ಮೊದಲ ಬಾರಿ ರುಚಿ ನೋಡುವವರು ಬಣ್ಣವನ್ನು ಕಂಡು ಹಗುರ ಎಂದುಕೊಂಡು, ಬಾಯಿ ಒಣಗಿಸುವ ಒಗರಿಗೆ ಬೆಚ್ಚುವುದು ಇಲ್ಲಿ ದಿನನಿತ್ಯದ ದೃಶ್ಯ.

ಈ ಒಗರು ಮಾಗಲು ಕಾಲ ಬೇಕಾದ್ದರಿಂದಲೇ ಕಾನೂನು ಕಾಯುವ ಅವಧಿಯನ್ನು ಗೊತ್ತುಮಾಡಿದೆ. ಬರೋಲೊ ಮಾರುಕಟ್ಟೆಗೆ ಬರುವ ಮುನ್ನ ಕನಿಷ್ಠ 38 ತಿಂಗಳು ಮಾಗಬೇಕು, ಅದರಲ್ಲಿ 18 ತಿಂಗಳು ಮರದ ಪೀಪಾಯಿಯಲ್ಲಿ ಕಳೆಯಬೇಕು. ಬಾರ್ಬರೆಸ್ಕೊಗೆ 26 ತಿಂಗಳು, ಅದರಲ್ಲಿ ಮರದಲ್ಲಿ 9 ತಿಂಗಳು ಸಾಕು. ರಿಸೆರ್ವಾ ಎಂದು ಬರೆದಿದ್ದರೆ ಈ ಅವಧಿ ಕ್ರಮವಾಗಿ 62 ಮತ್ತು 50 ತಿಂಗಳು. ಎರಡಕ್ಕೂ ಇಟಲಿಯ ಅತ್ಯುನ್ನತ ಶ್ರೇಣಿಯ ಮಾನ್ಯತೆ ದೊರೆತದ್ದು 1980ರಲ್ಲಿ. ಬರೋಲೊ ವಲಯ 11 ಗ್ರಾಮಗಳಿಗೆ ಹಬ್ಬಿದೆ. ಬಾರ್ಬರೆಸ್ಕೊ ವಲಯದಲ್ಲಿ ಬಾರ್ಬರೆಸ್ಕೊ, ನೆಯಿವೆ, ತ್ರೆಯಿಸೊ ಎಂಬ ಮೂರು ಗ್ರಾಮಗಳೂ ಆಲ್ಬಾಕ್ಕೆ ಸೇರಿದ ಒಂದು ತುಂಡು ನೆಲವೂ ಮಾತ್ರ ಇವೆ. ವಿಸ್ತಾರದಲ್ಲಿ ಮೊದಲನೆಯದು ಎರಡನೆಯದರ ಮೂರರಷ್ಟು ಎನ್ನಬಹುದು. ಆಲ್ಬಾ ಇವೆರಡರ ನಡುವೆ ಕುಳಿತಿದೆ: ಬರೋಲೊ ಅದರ ನೈರುತ್ಯಕ್ಕೆ, ಬಾರ್ಬರೆಸ್ಕೊ ಈಶಾನ್ಯಕ್ಕೆ.

ಬರೋಲೊ: ಇತಿಹಾಸವನ್ನು ಓದಬಯಸುವವರಿಗೆ

ಸುಮಾರು ಏಳುನೂರು ಜನರ ಬರೋಲೊ ಊರು ಸುತ್ತಲಿನ ಗುಡ್ಡಗಳಿಗಿಂತ ತಗ್ಗಿನಲ್ಲಿದೆ. ದೊಡ್ಡ ನೋಟವನ್ನು ನಿರೀಕ್ಷಿಸಿ ಬಂದವರಿಗೆ ಇದು ತುಸು ನಿರಾಸೆ ತರಬಹುದು. ಇಲ್ಲಿನ ಆಕರ್ಷಣೆ ಇರುವುದು ಫಲ್ಲೆತ್ತಿ ಮನೆತನದ ಕೋಟೆಯಲ್ಲಿ. ಆ ಮನೆತನದ ಕೊನೆಯ ಒಡತಿ ಜೂಲಿಯೆಟ್ ಕೋಲ್ಬೆರ್ ಫ್ರಾನ್ಸಿನಲ್ಲಿ ಹುಟ್ಟಿ, ಮದುವೆಯಾಗಿ ಪಿಯೆಮಾಂಟೆಗೆ ಬಂದವಳು. ಟ್ಯೂರಿನ್ನಿನ ಸೆರೆಮನೆಗಳಲ್ಲಿದ್ದ ಹೆಂಗಸರ ಸ್ಥಿತಿ ಸುಧಾರಿಸಲು ಆಯುಷ್ಯವನ್ನೇ ತೆತ್ತು 1864ರಲ್ಲಿ ತೀರಿಕೊಂಡಳು. ಇಂದಿನ ಬರೋಲೊ ವೈನ್‌ಗೆ ರೂಪ ಬಂದದ್ದು ಅವಳ ಕಾಲದಲ್ಲಿ, ಅವಳ ನೆಲಮಾಳಿಗೆಗಳಲ್ಲಿ ಎಂದು ಊರು ಹೆಮ್ಮೆಯಿಂದ ಹೇಳಿಕೊಳ್ಳುತ್ತದೆ. ಅದಕ್ಕೂ ಮೊದಲು ನೆಬ್ಬಿಯೊಲೊ ವೈನ್ ಹಲವೊಮ್ಮೆ ಸಿಹಿಯಾಗಿಯೇ ಉಳಿಯುತ್ತಿತ್ತು. ಅದನ್ನು ಪೂರ್ತಿ ಹುದುಗಿಸಿ, ಸಿಹಿಯಿಲ್ಲದ ಗಟ್ಟಿ ವೈನ್ ಆಗಿಸಿದವರು ಯಾರು ಎಂಬ ಬಗ್ಗೆ ಎರಡು ಪಕ್ಷಗಳಿವೆ. ಫ್ರಾನ್ಸಿನಿಂದ ಬಂದ ಲೂಯಿ ಊದಾರ್ ಎಂಬುದು ಹಳೆಯ ಉತ್ತರ. ಪಕ್ಕದ ಗ್ರಿನ್ಜಾನೆಯಲ್ಲಿ ಕಾವೂರ್‌ನ ತೋಟಗಳಿಗಾಗಿ ದುಡಿದ ಪಾವೊಲೊ ಫ್ರಾಂಚೆಸ್ಕೊ ಸ್ತಾಲ್ಯೆನೊ ಎಂಬುದು ಈಚಿನ ಸಂಶೋಧಕರ ಉತ್ತರ. ಮುಂದೆ ಇಟಲಿಯ ಏಕೀಕರಣದ ಸೂತ್ರಧಾರನಾದ ಅದೇ ಕಾವೂರ್ 1832ರಿಂದ 1849ರವರೆಗೆ ಗ್ರಿನ್ಜಾನೆಯ ಮೇಯರ್ ಆಗಿದ್ದ.

ಕೋಟೆಯೊಳಗೆ 2010ರಲ್ಲಿ ತೆರೆದ ವೈನ್ ವಸ್ತುಸಂಗ್ರಹಾಲಯವಿದೆ. ಮೇಲಿನ ಅಂತಸ್ತಿನಿಂದ ನೆಲಮಾಳಿಗೆಯವರೆಗೆ ಇಳಿಯುತ್ತ ನೋಡುವಂತೆ ಅದನ್ನು ಜೋಡಿಸಿದವನು ಫ್ರಾಂಸ್ವಾ ಕೊನ್ಫಿನೊ, ಟ್ಯೂರಿನ್ನಿನ ಸಿನಿಮಾ ಸಂಗ್ರಹಾಲಯವನ್ನು ರೂಪಿಸಿದವನೂ ಅವನೇ. ಬೆಳಕು, ನೆರಳು, ನಾಟಕೀಯತೆ ತುಸು ಅತಿಯಾಯಿತು ಎನ್ನಿಸಿದರೂ ವೈನ್ ಕುಡಿಯದವರಿಗೂ ಮಕ್ಕಳಿಗೂ ಇಡೀ ಲಾಂಗೆಯಲ್ಲಿ ಬೇಸರ ತರಿಸದ ತಾಣ ಇದು. ಸಮೀಪದಲ್ಲೇ ಬಾಟಲಿಯ ಬಿರಡೆ ತೆಗೆಯುವ ಉಪಕರಣಗಳಿಗೇ ಮೀಸಲಾದ ಮತ್ತೊಂದು ಸಂಗ್ರಹಾಲಯವೂ ಇದೆ.

ಬರೋಲೊ ಇನ್ನೊಂದು ಕಾರಣಕ್ಕೂ ಪ್ರಸಿದ್ಧ. 1980ರ ದಶಕದಿಂದ ಇಲ್ಲಿ ಹೊಸಬರು ಮತ್ತು ಹಳಬರ ನಡುವೆ ಜಗಳವೇ ನಡೆಯಿತು. ಹೊಸಬರು ಹುದುಗಿಸುವ ಅವಧಿಯನ್ನು ಮೊಟಕುಗೊಳಿಸಿ, ಫ್ರೆಂಚ್ ಓಕ್‌ನ ಸಣ್ಣ ಪೀಪಾಯಿಗಳನ್ನು ತಂದು, ಬೇಗ ಕುಡಿಯಬಹುದಾದ ಮೆತ್ತನೆಯ ವೈನ್ ಮಾಡಹೊರಟರು. ಎಲಿಯೊ ಆಲ್ತಾರೆ ಎಂಬ ತರುಣ ತಂದೆಯ ಹಳೆಯ ದೊಡ್ಡ ಪೀಪಾಯಿಗಳನ್ನು ಯಂತ್ರಗರಗಸದಿಂದ ಕತ್ತರಿಸಿಹಾಕಿದ ಪ್ರಸಂಗ ಈಗ ದಂತಕತೆಯಂತಾಗಿದೆ. ಅತ್ತ ಬಾರ್ತೊಲೊ ಮಸ್ಕರೆಲ್ಲೊ ಎಂಬ ಹಿರಿಯ, ಸಣ್ಣ ಪೀಪಾಯಿಯೂ ಬೇಡ, ಪ್ರಧಾನಿ ಬೆರ್ಲುಸ್ಕೋನಿಯೂ ಬೇಡ ಎಂದು ತನ್ನ ಕೈಯಿಂದ ಬರೆದ ಲೇಬಲನ್ನೇ ಬಾಟಲಿಗೆ ಅಂಟಿಸಿದ. ಇಂದು ಹೆಚ್ಚಿನ ತಯಾರಕರು ಎರಡು ದಾರಿಗಳ ನಡುವೆ ಎಲ್ಲೋ ನಿಂತಿದ್ದಾರೆ. ಈ ವಾದದ ಎರಡೂ ಮುಖಗಳನ್ನು ರುಚಿಯಲ್ಲೇ ಹೋಲಿಸಿ ನೋಡಬೇಕೆಂಬ ಹಂಬಲವಿದ್ದವರು, ಅದಕ್ಕಾಗಿ ಮೊದಲೇ ಸಮಯ ಗೊತ್ತುಮಾಡಿಕೊಂಡು ಹಲವು ಮನೆಗಳಿಗೆ ಕಾರಿನಲ್ಲಿ ಅಲೆಯಲು ಸಿದ್ಧರಿದ್ದವರು, ಬರೋಲೊವನ್ನೇ ಆರಿಸಿಕೊಳ್ಳಬೇಕು. ಹಾಗಲ್ಲದೆ ಸುಮ್ಮನೆ ಬಂದವರಿಗೆ ಊರಿನ ನಡುಭಾಗ ಅಂಗಡಿಗಳ ಸಾಲಾಗಿಯೇ ಕಾಣುತ್ತದೆ.

ಲಾ ಮೊರ್ರಾ: ನೋಟಕ್ಕಾಗಿ

ಬರೋಲೊದಿಂದ ಐದಾರು ಕಿ.ಮೀ. ದೂರದಲ್ಲಿ, 513 ಮೀಟರ್ ಎತ್ತರದಲ್ಲಿರುವ ಲಾ ಮೊರ್ರಾದ ಕೋಟೆಚೌಕದಿಂದ ಕಾಣುವ ನೋಟಕ್ಕೆ ಈ ಸೀಮೆಯಲ್ಲಿ ಸಾಟಿಯಿಲ್ಲ. ಬರೋಲೊ, ಕಸ್ತಿಲ್ಯೋನೆ ಫಲ್ಲೆತ್ತೊ, ಸೆರ್ರಲುಂಗಾ ಎಲ್ಲವೂ ಕಣ್ಣಳತೆಯಲ್ಲಿವೆ. ಗಾಳಿ ಶುಭ್ರವಾದ ದಿನ ಆಲ್ಪ್ಸ್‌ನ ಹಿಮವೂ ಕಾಣುತ್ತದೆ. ಮಣ್ಣಿನ ವ್ಯತ್ಯಾಸವನ್ನು ಬಾಯಲ್ಲಿ ಹೇಳುವುದಕ್ಕಿಂತ ಇಲ್ಲಿ ನಿಂತು ತೋರಿಸುವುದು ಸುಲಭ. ನಾವು ನಿಂತ ಪಶ್ಚಿಮದ ಗುಡ್ಡಗಳ ನೀಲಿ ಛಾಯೆಯ ಸುಣ್ಣಜೇಡಿ ಮಣ್ಣಿನಿಂದ ಸುವಾಸನೆ ಹೆಚ್ಚಿರುವ, ತುಸು ಮೃದುವಾದ ವೈನ್ ಬರುತ್ತದೆ. ಎದುರಿನ ಸೆರ್ರಲುಂಗಾದ ಮಣ್ಣು ಭೂವೈಜ್ಞಾನಿಕವಾಗಿ ಇನ್ನೂ ಹಳೆಯದು, ಅಲ್ಲಿನ ವೈನ್‌ನ ಒಗರು ಬಿಗಿಯಾದದ್ದು, ದಶಕಗಳ ಕಾಲ ಕಾಯಿಸುವಂಥದು.

ಊರ ಕೆಳಗಿನ ಬ್ರುನಾತೆ ತೋಟದಲ್ಲಿ ಒಂದು ಪುಟ್ಟ ಪ್ರಾರ್ಥನಾಮಂದಿರವಿದೆ. ಪಾಳುಬಿದ್ದಿದ್ದ ಅದನ್ನು 1999ರಲ್ಲಿ ಕಲಾವಿದರಾದ ಸೋಲ್ ಲೆವಿಟ್ ಹೊರಗಿನಿಂದಲೂ ಡೇವಿಡ್ ಟ್ರೆಮ್ಲೆಟ್ ಒಳಗಿನಿಂದಲೂ ಬಣ್ಣದಿಂದ ತುಂಬಿದರು. ಹಸಿರಿನ ನಡುವೆ ಕೆಂಪು, ಹಳದಿ, ನೀಲಿಗಳ ಆ ಗೋಡೆ ಇಷ್ಟವಾಗದವರೂ ಇದ್ದಾರೆ. ನನಗೆ ಅದು ಸೊಗಸಾಗಿಯೇ ಕಂಡಿದೆ. ನಡೆಯಲು ಇಷ್ಟಪಡುವವರಿಗೆ, ಛಾಯಾಗ್ರಹಣದ ಗೀಳಿರುವವರಿಗೆ ಲಾ ಮೊರ್ರಾ ಸರಿಯಾದ ಊರು. ಆದರೆ ಇಲ್ಲಿಂದ ಹೊರಟ ಪ್ರತಿ ದಾರಿಯೂ ಇಳಿಜಾರು, ಹಿಂದಿರುಗುವಾಗ ಪ್ರತಿ ದಾರಿಯೂ ಏರು ಎಂಬುದನ್ನು ಮೊಣಕಾಲು ನೋವಿರುವವರು ಮರೆಯಬಾರದು.

ನೆಯಿವೆ

ಬಾರ್ಬರೆಸ್ಕೊ ವಲಯದ ದೊಡ್ಡ ಊರು ನೆಯಿವೆ, ಜನಸಂಖ್ಯೆ ಮೂರು ಸಾವಿರದ ಮೇಲೆ. ಗುಡ್ಡದ ಮೇಲಿನ ಹಳೆಯ ಭಾಗವನ್ನು ಇಟಲಿಯ ಅತ್ಯಂತ ಚೆಲುವಾದ ಊರುಗಳ ಒಕ್ಕೂಟ ತನ್ನ ಪಟ್ಟಿಯಲ್ಲಿ ಸೇರಿಸಿಕೊಂಡಿದೆ, ಮತ್ತು ಆ ಮಾತಿನಲ್ಲಿ ಉತ್ಪ್ರೇಕ್ಷೆಯಿಲ್ಲ. ಇಲ್ಲಿ ನೆಬ್ಬಿಯೊಲೊ ಜೊತೆಗೆ ಬಾರ್ಬೆರಾ, ದೊಲ್ಚೆತ್ತೊ, ಸಿಹಿಯಾದ ಮೊಸ್ಕಾತೊ ಕೂಡ ಬೆಳೆಯುತ್ತಾರೆ. ಗಟ್ಟಿ ಒಗರು ಒಗ್ಗದವರಿಗೆ, ಒಂದೇ ಊರಿನಲ್ಲಿ ನಾಲ್ಕು ಬಗೆಯ ರುಚಿ ನೋಡಬಯಸುವವರಿಗೆ ಇದು ಅನುಕೂಲ. ಕುಸುರಿಯಂಥ ಚಿತ್ರಗಳನ್ನು ಹರಿದ ಕಾಗದದ ಮೇಲೆ ಕೈಯಿಂದಲೇ ಬರೆದು ಗ್ರಾಪ್ಪಾ ಎಂಬ ಭಟ್ಟಿ ಮದ್ಯದ ಬಾಟಲಿಗಳಿಗೆ ಅಂಟಿಸುತ್ತಿದ್ದ ರೊಮಾನೊ ಲೆವಿ 2008ರಲ್ಲಿ ತೀರಿಕೊಳ್ಳುವವರೆಗೂ ಬಾಳಿದ್ದು ಈ ಊರಿನಲ್ಲೇ.

ಬಾರ್ಬರೆಸ್ಕೊ: ಒಂದೇ ಬೀದಿಯ ಊರು

ಬಾರ್ಬರೆಸ್ಕೊದಲ್ಲಿ ವಾಸವಿರುವವರು ಆರುನೂರು ಚಿಲ್ಲರೆ ಜನ. ಊರಿನ ಒಂದು ತುದಿಯಿಂದ ಹೊರಟ ಮುಖ್ಯ ಬೀದಿ ಇಗರ್ಜಿಯನ್ನೂ ಮಧ್ಯಯುಗದ ಗೋಪುರವನ್ನೂ ಮುಟ್ಟಿ ಮುಗಿದುಹೋಗುತ್ತದೆ. ಗೋಪುರದ ಆಚೆಗೆ ನೆಲ ಕಡಿದಾಗಿ ಜಾರಿ ತನಾರೊ ನದಿಗೆ ಇಳಿಯುತ್ತದೆ. ಈಗ ಗೋಪುರದೊಳಗೆ ಲಿಫ್ಟ್ ಹಾಕಿದ್ದಾರೆ, ಆದ್ದರಿಂದ ವಯಸ್ಸಾದವರೂ ಮೇಲಕ್ಕೆ ಹೋಗಿ ನದಿಯ ತಿರುವನ್ನೂ ತೋಟಗಳನ್ನೂ ನೋಡಬಹುದು. ಬರೋಲೊ ವಲಯಕ್ಕೆ ಹೋಲಿಸಿದರೆ ಈ ತೋಟಗಳು ಸ್ವಲ್ಪ ತಗ್ಗಿನಲ್ಲಿ, ನದಿಗೆ ಹತ್ತಿರದಲ್ಲಿ ಇವೆ. ಬೆಚ್ಚನೆಯ ಗಾಳಿಗೆ ಹಣ್ಣು ತುಸು ಮುಂಚೆ ಮಾಗುತ್ತದೆ, ವೈನ್ ಕೂಡ ಸಾಮಾನ್ಯವಾಗಿ ಬೇಗ ಕುಡಿಯಲು ಒದಗುತ್ತದೆ.

ಈ ಊರಿನ ಕತೆ ಕೆಲವೇ ಜನರಿಂದ ಆದದ್ದು. 19ನೆಯ ಶತಮಾನದ ಕೊನೆಯವರೆಗೂ ಇಲ್ಲಿನ ನೆಬ್ಬಿಯೊಲೊ ದ್ರಾಕ್ಷಿಯನ್ನು ಬರೋಲೊ ತಯಾರಕರು ಕೊಂಡುಹೋಗುತ್ತಿದ್ದರು, ಇಲ್ಲವೇ ಅದರ ವೈನ್ ಬರೀ ನೆಬ್ಬಿಯೊಲೊ ಎಂಬ ಹೆಸರಿನಲ್ಲಿ ಮಾರಾಟವಾಗುತ್ತಿತ್ತು. ಅರಸೊತ್ತಿಗೆಯ ಆಶ್ರಯದಲ್ಲಿದ್ದ ಆಲ್ಬಾದ ವೈನ್ ಶಾಲೆಯ ಮುಖ್ಯಸ್ಥನಾಗಿ ಬಂದ ದೊಮಿತ್ಸಿಯೊ ಕವಾತ್ಸಾ ಈ ಊರಿನ ಕೋಟೆಯನ್ನು ಕೊಂಡು ಇಲ್ಲೇ ನೆಲೆಸಿದ. 1894ರಲ್ಲಿ ಒಂಬತ್ತು ಬೆಳೆಗಾರರನ್ನು ಕೂಡಿಸಿ ಸಹಕಾರಿ ವೈನ್ ಘಟಕವನ್ನು ಕಟ್ಟಿ, ಬಾರ್ಬರೆಸ್ಕೊ ಎಂಬ ಹೆಸರಿನಲ್ಲೇ ವೈನ್ ಮಾಡಿಸಿದ. ಫ್ಯಾಸಿಸ್ಟ್ ಆಡಳಿತದ ಕಾಲದಲ್ಲಿ ಆ ಸಂಘ ಮುಚ್ಚಿತು. ಯುದ್ಧದ ನಂತರ ಗುಡ್ಡದ ಬಡತನ ತಾಳಲಾರದೆ ತರುಣರು ಕಾರ್ಖಾನೆಗಳ ಕಡೆ ಮುಖ ಮಾಡಿದರು. ಆಲ್ಬಾದಲ್ಲಿ 1946ರಲ್ಲಿ ಆರಂಭವಾದ ಫೆರ್ರೆರೊ ಸಿಹಿತಿಂಡಿ ಕಾರ್ಖಾನೆಯೂ ಸುತ್ತಲಿನ ಹಳ್ಳಿಗಳಿಂದ ಜನರನ್ನು ಸೆಳೆಯಿತು. ಸಣ್ಣ ಹಿಡುವಳಿದಾರ ತನ್ನ ತೋಟದಿಂದ ಬದುಕಬೇಕಾದರೆ ಒಟ್ಟಾಗುವುದೊಂದೇ ದಾರಿ ಎಂದು ಕಂಡುಕೊಂಡವನು ಊರಿನ ಪಾದ್ರಿ ಫಿಯೊರೀನೊ ಮರೆಂಗೊ. 1958ರಲ್ಲಿ ಅವನು 19 ಬೆಳೆಗಾರರನ್ನು ಸೇರಿಸಿ ‘ಪ್ರೊದುತ್ತೋರಿ ದೆಲ್ ಬಾರ್ಬರೆಸ್ಕೊ’ ಸಂಘವನ್ನು ಆರಂಭಿಸಿದ. ಮೊದಲ ಮೂರು ವರ್ಷದ ವೈನ್ ತಯಾರಾದದ್ದು ಇಗರ್ಜಿಯ ನೆಲಮಾಳಿಗೆಯಲ್ಲಿ. ಆಮೇಲೆ ಚೌಕದ ಎದುರಿಗೆ ಸ್ವಂತ ಕಟ್ಟಡ ಎದ್ದಿತು, ಈಗಲೂ ಅಲ್ಲೇ ಇದೆ.

ಇಂದು ಐವತ್ತಕ್ಕೂ ಹೆಚ್ಚು ಕುಟುಂಬಗಳು ಸದಸ್ಯರಾಗಿರುವ ಈ ಸಂಘದ ನಡಾವಳಿ ನಮ್ಮ ಹಾಲು ಉತ್ಪಾದಕರ ಸಂಘದ್ದನ್ನು ಬಲ್ಲವರಿಗೆ ತಟ್ಟನೆ ತಿಳಿಯುತ್ತದೆ: ಡೈರಿಯಲ್ಲಿ ಕೊಬ್ಬಿನಂಶ ಅಳೆದು ದರ ಕಟ್ಟುವಂತೆ ಇಲ್ಲಿ ಹಣ್ಣಿನ ಗುಣಮಟ್ಟವನ್ನು ಅಳೆದು ಹಣ ಕೊಡುತ್ತಾರೆ. ಸದಸ್ಯರು ತಮ್ಮ ನೆಬ್ಬಿಯೊಲೊ ಬೆಳೆಯನ್ನು ಸಂಘಕ್ಕೇ ಒಪ್ಪಿಸಬೇಕು, ಚೆನ್ನಾದುದನ್ನು ಹೊರಗೆ ಮಾರಿ ಉಳಿದದ್ದನ್ನು ಇಲ್ಲಿ ಸುರಿಯುವಂತಿಲ್ಲ. ಸಹಕಾರಿ ವೈನ್ ಎಂದರೆ ಅಗ್ಗದ ಮಾಲು ಎಂಬ ಮಾತು ಯುರೋಪಿನ ಹಲವೆಡೆ ನಿಜವಿದ್ದರೂ ಇಲ್ಲಿ ಸುಳ್ಳಾಗಿದೆ. ನಂದಿಬೆಟ್ಟದ ಸುತ್ತಿನ ದ್ರಾಕ್ಷಿ ಬೆಳೆಗಾರರ ಮನೆಯಿಂದ ಯಾರಾದರೂ ಇಟಲಿಗೆ ಹೋಗುವುದಾದರೆ ಅವರು ನೋಡಲೇಬೇಕಾದ ಜಾಗ ಇದು ಎಂದು ನಾನು ಧೈರ್ಯವಾಗಿ ಹೇಳಬಲ್ಲೆ.

ಪ್ರವಾಸಿಗೆ ಇದರಿಂದ ಆಗುವ ಲಾಭ ಬೇರೆಯೇ ಇದೆ. ಒಳ್ಳೆಯ ಬೆಳೆ ಬಂದ ವರ್ಷಗಳಲ್ಲಿ ಸಂಘ ಒಂಬತ್ತು ತೋಟಗಳ ರಿಸೆರ್ವಾ ವೈನ್‌ಗಳನ್ನು ಬೇರೆ ಬೇರೆಯಾಗಿ ತುಂಬಿಸುತ್ತದೆ: ಆಸಿಲಿ, ರಬಾಯಾ, ಪೋರಾ, ಒವೆಲ್ಲೊ, ಮೊಂತೆಸ್ತೆಫಾನೊ ಮೊದಲಾದ ಹೆಸರುಗಳು ಲೇಬಲಿನ ಮೇಲಿರುತ್ತವೆ. ಒಂದೇ ತಳಿ, ಒಂದೇ ವರ್ಷ, ಒಂದೇ ಮಾಡುವ ವಿಧಾನ. ಬದಲಾಗುವುದು ನೆಲ ಮಾತ್ರ. ಆಸಿಲಿಯ ನಯವನ್ನೂ ಮೊಂತೆಸ್ತೆಫಾನೊದ ಬಿರುಸನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ ನೆಲದ ಗುಣ ಎಂಬುದು ಮಾರಾಟಗಾರರ ಮಾತಲ್ಲ ಎಂದು ನಂಬಿಕೆ ಬರುತ್ತದೆ. ಬರೋಲೊದಲ್ಲಿ ಇದೇ ಪಾಠ ಕಲಿಯಲು ಹಲವು ತಯಾರಕರ ಬಾಗಿಲು ತಟ್ಟಬೇಕು, ತಟ್ಟಿದರೂ ಕಂಡ ವ್ಯತ್ಯಾಸ ನೆಲದ್ದೋ ತಯಾರಕನದ್ದೋ ಎಂಬ ಅನುಮಾನ ಉಳಿಯುತ್ತದೆ. ಅಲ್ಲಿ ಅಧಿಕೃತವಾಗಿ ಗುರುತಿಸಿದ ತೋಟದ ಹೆಸರುಗಳೇ 170, ಅವುಗಳ ಜೊತೆಗೆ 11 ಗ್ರಾಮಗಳ ಹೆಸರುಗಳು ಬೇರೆ, ಬಾರ್ಬರೆಸ್ಕೊದಲ್ಲಿ 66. ಮೊದಲ ಸಲ ಬಂದವರಿಗೆ ಕಡಿಮೆ ಇರುವುದೇ ಒಳ್ಳೆಯದು.

ಅದೇ ಬೀದಿಯಲ್ಲಿ ಸಹಕಾರಕ್ಕೆ ತದ್ವಿರುದ್ಧವಾದ ಇನ್ನೊಂದು ದಾರಿಯೂ ಕಾಣುತ್ತದೆ. 1859ರಲ್ಲಿ ಸ್ಥಾಪನೆಯಾದ ಗಾಯಾ ಮನೆತನದ ವೈನ್ ಘಟಕ ಇರುವುದು ಇಲ್ಲಿ. ಅದರ ಆಂಜೆಲೊ ಗಾಯಾ 1960ರ ದಶಕದಿಂದ ಮುಂದೆ ಒಂದೊಂದೇ ತೋಟದ ವೈನ್, ಸಣ್ಣ ಪೀಪಾಯಿ, ಜಗತ್ತಿನ ದೊಡ್ಡ ನಗರಗಳಲ್ಲಿ ನೇರ ಪ್ರಚಾರ ಇವುಗಳಿಂದ ಬಾರ್ಬರೆಸ್ಕೊ ಎಂಬ ಹೆಸರನ್ನು ಲೋಕಕ್ಕೆ ಪರಿಚಯಿಸಿದ. ಆಮೇಲೆ 1996ರ ಬೆಳೆಯಿಂದ ತನ್ನ ಮೂರು ಹೆಸರಾಂತ ತೋಟಗಳ ವೈನ್‌ಗಳನ್ನು ಬಾರ್ಬರೆಸ್ಕೊ ಎಂಬ ಮಾನ್ಯತೆಯಿಂದಲೇ ಹೊರತೆಗೆದ. 2013ರ ಬೆಳೆಯಿಂದ ಅವು ಮರಳಿ ಬಂದವು. ಸಾಮಾನ್ಯ ಪ್ರವಾಸಿಗೆ ಆ ಮನೆಯ ಬಾಗಿಲು ತೆರೆಯುವುದು ಕಷ್ಟ, ಬೆಲೆ ಕೇಳಿದರೆ ಎದೆ ಝಲ್ಲೆನ್ನುತ್ತದೆ. ಆದರೂ ಪಾದ್ರಿಯ ಸಂಘ ಮತ್ತು ಈ ಸಾಹಸಿಯ ಮನೆ ಕೂಗಳತೆಯಲ್ಲಿರುವುದನ್ನು ನೋಡಿದಾಗ ಊರಿನ ಇತಿಹಾಸವನ್ನು ಯಾರೂ ವಿವರಿಸಬೇಕಾಗುವುದಿಲ್ಲ. ಸಮಯ ಗೊತ್ತುಮಾಡಿಕೊಳ್ಳದೆ ಬಂದವರಿಗಾಗಿ ಹಳೆಯ ಸಾನ್ ದೊನಾತೊ ಇಗರ್ಜಿಯ ಕಟ್ಟಡದಲ್ಲಿ 1986ರಿಂದ ಪ್ರಾದೇಶಿಕ ವೈನ್ ಮಳಿಗೆ ನಡೆಯುತ್ತಿದೆ. ಅದು ವಲಯದ ಅನೇಕ ತಯಾರಕರ ಬಾಟಲಿಗಳನ್ನು ಒಂದೇ ಸೂರಿನಡಿ ಇಟ್ಟು ರುಚಿ ತೋರಿಸುವ ಮನೆ.

ಕೊರತೆಯನ್ನೂ ಹೇಳಬೇಕು. ಸಂಜೆಯಾದ ಮೇಲೆ ಬಾರ್ಬರೆಸ್ಕೊದಲ್ಲಿ ಮಾಡಲು ಏನೂ ಇಲ್ಲ. ಊಟದ ಮನೆಗಳು ಬೆರಳೆಣಿಕೆಯಷ್ಟು, ಅವುಗಳ ವಾರದ ರಜೆ ಒಂದೇ ದಿನಕ್ಕೆ ಬಿದ್ದರೆ ಕಷ್ಟ. ಸಣ್ಣ ಮಕ್ಕಳನ್ನು ಕರೆದುಕೊಂಡು ಹೋಗುವವರಿಗೆ ಬರೋಲೊ ಅಥವಾ ಆಲ್ಬಾವೇ ವಾಸಿ.

ಕಾರಿಲ್ಲದವರಿಗೆ ಆಲ್ಬಾ

ಟ್ಯೂರಿನ್ನಿನಿಂದ ಬ್ರಾ ಪಟ್ಟಣದ ಮಾರ್ಗವಾಗಿ ಆಲ್ಬಾದವರೆಗೆ ರೈಲು ಬರುತ್ತದೆ. ಅಲ್ಲಿಂದ ಊರುಗಳಿಗೆ ಬಸ್ಸುಗಳು ಕಡಿಮೆ, ಭಾನುವಾರ ಇನ್ನೂ ವಿರಳ. ಕಾರು ಓಡಿಸದವರು ಆಲ್ಬಾದಲ್ಲೇ ಉಳಿದು, ಹತ್ತು ಕಿ.ಮೀ. ಒಳಗಿನ ಬಾರ್ಬರೆಸ್ಕೊಗೆ ಟ್ಯಾಕ್ಸಿಯಲ್ಲೋ ವಿದ್ಯುತ್ ಸೈಕಲ್ಲಿನಲ್ಲೋ ಹೋಗಿಬರುವುದು ಜಾಣತನ. ಬರೋಲೊ ಇನ್ನೂ ಸ್ವಲ್ಪ ದೂರ. ಭಾರತದ ಪರವಾನಗಿಯಿಂದ ಕಾರು ಬಾಡಿಗೆಗೆ ಪಡೆಯುವವರು ಅಂತರರಾಷ್ಟ್ರೀಯ ಚಾಲನಾ ಪತ್ರವನ್ನು ಊರಿನಿಂದಲೇ ಮಾಡಿಸಿಕೊಂಡು ಹೋಗಬೇಕು. ಇಟಲಿಯಲ್ಲಿ ಚಾಲಕನ ಒಂದು ಲೀಟರ್ ರಕ್ತದಲ್ಲಿ ಮದ್ಯಸಾರ 0.5 ಗ್ರಾಂ ಮೀರುವಂತಿಲ್ಲ. ರುಚಿ ನೋಡಿ ಪಾತ್ರೆಗೆ ಉಗುಳುವುದು ಇಲ್ಲಿ ವಾಡಿಕೆ, ಅದನ್ನು ಯಾರೂ ಅಗೌರವವೆಂದು ಎಣಿಸುವುದಿಲ್ಲ.

ಊಟ ಮತ್ತು ಕಾಲ

ಸಸ್ಯಾಹಾರಿಗಳಿಗೆ ನಾಲ್ಕೂ ಊರುಗಳು ಒಂದೇ. ತಾಯರಿನ್ ಎಂಬ ಎಳೆಶಾವಿಗೆಯಂಥ ಪಾಸ್ತಾ ಬೆಣ್ಣೆಯೊಡನೆ ಸಿಗುತ್ತದೆ, ಆದರೆ ಅದರ ಹಿಟ್ಟಿನಲ್ಲಿ ಮೊಟ್ಟೆಯ ಹಳದಿ ಧಾರಾಳವಾಗಿರುತ್ತದೆ. ಪ್ಲಿನ್ ಎಂಬ ಪುಟ್ಟ ಕಡುಬುಗಳಲ್ಲಿ ಸಾಮಾನ್ಯವಾಗಿ ಮಾಂಸ, ತರಕಾರಿಯನ್ನು ಅದ್ದಿ ತಿನ್ನುವ ಬಾನ್ಯಾ ಕಾವ್ದಾದಲ್ಲಿ ಆಂಚೊವಿ ಮೀನು, ರಿಸೊತ್ತೊ ಎಂಬ ಅನ್ನದ ತಿನಿಸನ್ನು ಬೇಯಿಸುವ ನೀರು ಎಷ್ಟೋ ಸಲ ಮಾಂಸದ ಸಾರು. ಕೇಳಿಯೇ ತಿನ್ನಬೇಕು. ಈ ಗುಡ್ಡಗಳ ಹೇಜಲ್‌ನಟ್ ಮತ್ತು ಚೀಸ್‌ಗಳು ಬಹಳ ಚೆನ್ನಾಗಿರುತ್ತವೆ, ಆದರೆ ಚೀಸ್‌ನಲ್ಲಿ ಪ್ರಾಣಿಜನ್ಯ ಹೆಪ್ಪು ಇರಬಹುದೆಂಬುದು ನೆನಪಿರಲಿ.

ಅಕ್ಟೋಬರ್‌ನಿಂದ ಡಿಸೆಂಬರ್ ಆರಂಭದವರೆಗೆ ಆಲ್ಬಾದಲ್ಲಿ ಬಿಳಿ ಟ್ರಫಲ್ ಎಂಬ, ನೆಲದಡಿ ಬೆಳೆಯುವ ಘಮಘಮಿಸುವ ಅಣಬೆಯ ಜಾತ್ರೆ. ತೋಟಗಳ ಬಣ್ಣ ಆಗ ಅದ್ಭುತ, ಕೋಣೆಗಳ ಬಾಡಿಗೆಯೂ ಹಾಗೆಯೇ. ನೆಬ್ಬಿಯೊಲೊ ಕೊಯ್ಲು ಸೆಪ್ಟೆಂಬರ್ ಕೊನೆಯಿಂದ ಅಕ್ಟೋಬರ್ ನಡುವೆ ಬೀಳುವುದರಿಂದ ಸಣ್ಣ ತಯಾರಕರಿಗೆ ಆಗ ಅತಿಥಿಗಳೊಂದಿಗೆ ಮಾತಾಡಲು ಪುರುಸೊತ್ತಿರುವುದಿಲ್ಲ. ಜನವರಿ, ಫೆಬ್ರುವರಿಯಲ್ಲಿ ಅನೇಕ ಊಟದ ಮನೆಗಳು ಮುಚ್ಚಿರುತ್ತವೆ. ನನ್ನ ಆಯ್ಕೆ ಮೇ ತಿಂಗಳು: ಬಳ್ಳಿಗಳು ಹಸಿರಾಗಿರುತ್ತವೆ, ತಯಾರಕರಿಗೂ ಬಿಡುವಿರುತ್ತದೆ. ಆಗಲೂ ಭಾನುವಾರಗಳನ್ನು ವೈನ್ ಮನೆಗಳಿಗೆ ಇಟ್ಟುಕೊಳ್ಳಬೇಡಿ, ಎಷ್ಟೋ ಮುಚ್ಚಿರುತ್ತವೆ.

ಮರಳುವಾಗ ಭಾರತಕ್ಕೆ ಸುಂಕವಿಲ್ಲದೆ ತರಬಹುದಾದ ಮದ್ಯ ಒಬ್ಬರಿಗೆ 2 ಲೀಟರ್, ಅಂದರೆ 750 ಮಿ.ಲೀ.ನ ಎರಡು ಬಾಟಲಿಗಳು. ಮನೆಯಲ್ಲಿ ತಂಪಾದ ಕತ್ತಲೆ ಜಾಗವಿಲ್ಲದವರು ಹತ್ತು ವರ್ಷ ಕಾಯಬೇಕಾದ ರಿಸೆರ್ವಾಕ್ಕೆ ದುಡ್ಡು ಸುರಿಯಬಾರದು, ನಮ್ಮ ಬೇಸಿಗೆಯ ಸೆಕೆಗೆ ಅದು ಒಂದೆರಡು ವರ್ಷದಲ್ಲೇ ಕೆಡಬಹುದು. ಸಹಕಾರ ಸಂಘದ ಸಾಮಾನ್ಯ ಬಾರ್ಬರೆಸ್ಕೊ ಎರಡು ಬಾಟಲಿ ಕೊಂಡು, ಬಂದ ವರ್ಷವೇ ತೆರೆಯಿರಿ.